ಕಚೇರಿಯ ಫೋನ್ ಕಚೇರಿಯದ್ದೇ ಆಗಿರಲಿ

ನನ್ನ ಅಕ್ಕ ಬಿ.ಕಾಂ. ಮುಗಿಸಿದ ವರ್ಷವೇ ಬೆಂಗಳೂರಿನ ಒಂದು ಕಂಪೆನಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅದು ಮನೆಯಲ್ಲೇ ಕುಳಿತು ಮಾಡುವ ಕೆಲಸ. ನೀರಿನ ಫಿಲ್ಟರ್ ಕೊಂಡವರಿಗೆ ಕರೆ ಮಾಡಿ ಸರ್ವಿಸ್ ದಿನಾಂಕ ನೆನಪಿಸಬೇಕು, ಹೊಸ ಮಾದರಿಗಳ ಬಗ್ಗೆ ಹೇಳಬೇಕು. ಊರು ಬಿಡಬೇಕಾಗಿಲ್ಲ, ಹಾಸ್ಟೆಲ್ ಖರ್ಚಿಲ್ಲ ಎಂದು ಮನೆಯವರಿಗೆಲ್ಲ ಸಂತೋಷ. ಕಂಪೆನಿ ಕೊಟ್ಟದ್ದು ಹೆಸರುಗಳ ಪಟ್ಟಿ ಮಾತ್ರ. ಫೋನ್, ಸಿಮ್, ರೀಚಾರ್ಜ್ ಎಲ್ಲ ಅಕ್ಕನದ್ದೇ.

ಎರಡು ತಿಂಗಳಾಗುವಷ್ಟರಲ್ಲಿ ರಾತ್ರಿ ಹನ್ನೊಂದಕ್ಕೂ ಕರೆ ಬರತೊಡಗಿತು. ಕೆಲವರಿಗೆ ನಿಜವಾಗಿಯೂ ದೂರು ಇತ್ತು, ಕೆಲವರಿಗೆ ಇರಲಿಲ್ಲ. ವಾಟ್ಸಾಪ್‌ನಲ್ಲಿ ಪ್ರತಿದಿನ 'ಗುಡ್ ಮಾರ್ನಿಂಗ್', ಪ್ರೊಫೈಲ್ ಚಿತ್ರದ ಬಗ್ಗೆ ಬೇಡದ ಮಾತು. ಬ್ಲಾಕ್ ಮಾಡಿದರೆ ಗ್ರಾಹಕ ಕಂಪೆನಿಗೆ ದೂರು ಕೊಡುತ್ತಾನೆ, ಮಾಡದಿದ್ದರೆ ನಿದ್ದೆ ಇಲ್ಲ. ಕೊನೆಗೆ ಉಮ್ಮ ಒಂದೇ ಮಾತು ಹೇಳಿದರು: "ಆ ಕೆಲಸ ಸಾಕು." ಅಕ್ಕ ಕೆಲಸ ಬಿಟ್ಟಳು.

ಈಗ ಅವಳು ಇನ್ನೊಂದು ಕಡೆ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತಿದ್ದಾಳೆ. ಆದರೆ ಇಲ್ಲಿ ಕರೆ ಹೋಗುವುದು ಲ್ಯಾಪ್‌ಟಾಪ್‌ನಿಂದ, ಇಂಟರ್ನೆಟ್ ಮೂಲಕ. ಗ್ರಾಹಕನಿಗೆ ಕಾಣುವುದು 080ರಿಂದ ಆರಂಭವಾಗುವ ಕಚೇರಿಯ ನಂಬರ್. ಅವನು ತಿರುಗಿ ಕರೆ ಮಾಡಿದರೆ ಆ ಹೊತ್ತಿನಲ್ಲಿ ಕೆಲಸದಲ್ಲಿರುವ ಯಾರಿಗಾದರೂ ಅದು ಹೋಗುತ್ತದೆ. ಸಂಜೆ ಆರಕ್ಕೆ ಅಕ್ಕ ಲಾಗ್‌ಔಟ್ ಮಾಡಿದರೆ ಮುಗಿಯಿತು. ಉಮ್ಮನಿಗೆ ಈಗ ಆಕ್ಷೇಪವಿಲ್ಲ. ಹುಡುಗಿಯೂ ಅದೇ, ಮನೆಯೂ ಅದೇ. ಬದಲಾದದ್ದು ಫೋನ್ ಮಾತ್ರ.

ಅದಕ್ಕೇ ನಾನು ಹೇಳುವುದಿಷ್ಟು: ಮನೆಯಿಂದ ಕೆಲಸ ಮಾಡಿಸುವವರು ಕಚೇರಿಯ ಫೋನನ್ನೂ ಮನೆಗೆ ಕೊಡಬೇಕು. ನೌಕರರ ಸ್ವಂತ ನಂಬರನ್ನು ಊರಿಗೆಲ್ಲ ಹಂಚಬಾರದು.

ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ಈ ವ್ಯವಸ್ಥೆ ಅರ್ಥವಾಗಲು ಕಂಪ್ಯೂಟರ್ ಸೈನ್ಸ್ ಗೆಳತಿಯರ ಸಹಾಯ ಬೇಕಾಯಿತು. ನಾವಾಡುವ ಮಾತನ್ನು ಯಂತ್ರ ಸಣ್ಣ ಸಣ್ಣ ತುಂಡುಗಳಾಗಿ, ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ, ಕತ್ತರಿಸಿ ಕಳುಹಿಸುತ್ತದೆ. ಆ ಕಡೆ ಅವು ಮತ್ತೆ ಜೋಡಣೆಯಾಗಿ ಮಾತಾಗುತ್ತವೆ. ಹಿಂದೆ ಕಚೇರಿಯ ಮೂಲೆಯಲ್ಲಿದ್ದ, ಕರೆಗಳನ್ನು ಮೇಜಿನಿಂದ ಮೇಜಿಗೆ ಹಂಚುವ ಪೆಟ್ಟಿಗೆಯ ಕೆಲಸವನ್ನು ಈಗ ದೂರದ ಸರ್ವರ್ ಮಾಡುತ್ತದೆ. ಅದಕ್ಕೆ ಬೆಂಗಳೂರಿನ ಮೇಜೂ ಒಂದೇ, ನಮ್ಮ ಊರಿನ ಅಡುಗೆಮನೆಯ ಪಕ್ಕದ ಕೋಣೆಯೂ ಒಂದೇ. ಒಂದು ಕರೆಗೆ ಹೋಗಲು, ಬರಲು ತಲಾ 100 ಕೆಬಿಪಿಎಸ್ ವೇಗವಿದ್ದರೆ ಸಾಕು.

ಇದಕ್ಕೆ ಸರಕಾರದ ಅಡ್ಡಿಯೂ ಈಗ ಇಲ್ಲ. ಮೊದಲು ಕಾಲ್ ಸೆಂಟರ್‌ಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಬೇಕಿತ್ತು. ಮನೆಯಿಂದ ಕೆಲಸ ಮಾಡಿಸಲು ಭದ್ರತಾ ಠೇವಣಿಯನ್ನೂ ಇಡಬೇಕಿತ್ತು. ಕೊರೋನಾ ಕಾಲದಲ್ಲಿ ಸಡಿಲಗೊಂಡ ಈ ನಿಯಮಗಳನ್ನು 2020ರ ನವೆಂಬರ್‌ನಲ್ಲಿ ತೆಗೆದುಹಾಕಲಾಯಿತು. ಅದೇ ವೇಳೆ, ಸ್ವಂತ ಸಿಮ್‌ನಿಂದ ಪ್ರಚಾರದ ಕರೆ ಮಾಡುವುದು ನಿಯಮಕ್ಕೆ ವಿರುದ್ಧ. ಟ್ರಾಯ್ 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ ಅಂಥ ಕರೆಗಳು ನೋಂದಾಯಿತ ಸಂಸ್ಥೆಗಳಿಂದ, ಅದಕ್ಕೆಂದೇ ಮೀಸಲಾದ ನಂಬರ್‌ಗಳಿಂದ ಹೋಗಬೇಕು. ದೂರು ಬಂದರೆ ಪಟ್ಟಿ ಹಿಡಿದು ಕರೆ ಮಾಡಿದವರ ಸಿಮ್ ಕಡಿತವಾಗಬಹುದು. ಬ್ಯಾಂಕ್ ಖಾತೆಗೂ ಆಧಾರ್‌ಗೂ ಜೋಡಿಸಿದ ನಂಬರ್ ಅದಾಗಿದ್ದರೆ ಗತಿಯೇನು?

ಈ ವ್ಯವಸ್ಥೆಯಲ್ಲೂ ಕುಂದುಗಳಿವೆ. ಹಳೆಯ ಲ್ಯಾಂಡ್‌ಲೈನ್‌ಗೆ ವಿದ್ಯುತ್ ಟೆಲಿಫೋನ್ ಎಕ್ಸ್‌ಚೇಂಜ್‌ನಿಂದಲೇ ತಂತಿಯಲ್ಲಿ ಬರುತ್ತಿತ್ತು. ಹಾಗಾಗಿ ಕರೆಂಟ್ ಹೋದರೂ ಅದು ಮಾತಾಡುತ್ತಿತ್ತು. ಇಂಟರ್ನೆಟ್ ಫೋನ್ ಹಾಗಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದರೆ ರೂಟರ್ ಜೊತೆ ಅದೂ ಸಾಯುತ್ತದೆ. ನೆಟ್ ತಡವರಿಸಿದರೆ ಮಾತು ತುಂಡಾಗುತ್ತದೆ. ಮಾತು ತಲುಪಲು 150 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿದರೆ ಸಂಭಾಷಣೆ ಕೆಡತೊಡಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿರುವ ಲೆಕ್ಕ. ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಇದ್ದರೆ ಸ್ವಲ್ಪ ಹೊತ್ತು ಸುಧಾರಿಸಬಹುದು. ಅದರ ಖರ್ಚನ್ನೂ ನೆಟ್ ಬಿಲ್ಲನ್ನೂ ಕಂಪೆನಿಯೇ ಕೊಡಬೇಕು. ಕಚೇರಿಯಲ್ಲಾಗಿದ್ದರೆ ಕರೆಂಟ್ ಬಿಲ್ಲನ್ನು ನೌಕರರಿಂದ ಕೇಳುತ್ತಿದ್ದರೇ?

ಇನ್ನೊಂದು ಕುಂದು ಕಣ್ಣಿಗೆ ಬೇಗ ಕಾಣುವುದಿಲ್ಲ. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಊಟಕ್ಕೋ ನಮಾಝ್‌ಗೋ ಎದ್ದರೆ 'ಬ್ರೇಕ್' ಒತ್ತಬೇಕು, ಎಷ್ಟು ನಿಮಿಷ ಎಂಬುದು ಮೇಲಿನವರ ಪರದೆಯಲ್ಲಿ ಕಾಣುತ್ತದೆ. ಗ್ರಾಹಕ ಬೈದದ್ದಕ್ಕೆ ರೆಕಾರ್ಡಿಂಗ್ ಸಾಕ್ಷಿಯಾಗುತ್ತದೆ, ನಿಜ. ಆದರೆ ಹಿಂದಿನ ಕೋಣೆಯಲ್ಲಿ ಅಳುವ ಮಗು, ಉಮ್ಮ ಕರೆಯುವ ದನಿ ಕೂಡ ಅದರಲ್ಲಿ ದಾಖಲಾಗುತ್ತದೆ. ಯಾವುದನ್ನು ರೆಕಾರ್ಡ್ ಮಾಡುತ್ತೀರಿ, ಯಾರು ಕೇಳುತ್ತಾರೆ, ಎಷ್ಟು ದಿನ ಇಡುತ್ತೀರಿ ಎಂದು ಕೆಲಸಕ್ಕೆ ಸೇರುವ ಮೊದಲೇ ಕೇಳುವುದು ನಮ್ಮ ಹಕ್ಕು. ಇಷ್ಟೆಲ್ಲ ಇದ್ದರೂ, ಆರು ಗಂಟೆಗೆ ಮುಚ್ಚಬಹುದಾದ ಫೋನ್ ರಾತ್ರಿಯಿಡೀ ತೆರೆದಿರುವ ಫೋನ್‌ಗಿಂತ ಮೇಲು ಎಂದೇ ನನ್ನ ಅಭಿಪ್ರಾಯ.

ಇದು ದೂರದ ಕಂಪೆನಿಗಳ ಮಾತು ಮಾತ್ರವಲ್ಲ. ಪ್ರವೇಶದ ಸಮಯದಲ್ಲಿ ನಮ್ಮ ಕಾಲೇಜಿನ ಕರಪತ್ರದಲ್ಲಿ ಉಪನ್ಯಾಸಕರ ಸ್ವಂತ ನಂಬರ್‌ಗಳೇ ಅಚ್ಚಾಗುತ್ತವೆ. ಮೇ ತಿಂಗಳಲ್ಲಿ ಬಂದ ಆ ಕರೆಗಳು ಡಿಸೆಂಬರ್‌ನಲ್ಲೂ ನಿಲ್ಲುವುದಿಲ್ಲ ಎಂದು ನಮ್ಮ ಮೇಡಂ ಒಬ್ಬರು ನಗುತ್ತಲೇ ಹೇಳಿದ್ದರು. ಕಾಲೇಜಿಗೆ ಒಂದೇ ನಂಬರ್ ಇರಲಿ. ರಜೆಯಲ್ಲಿ ಮನೆಯಲ್ಲಿರುವ ಮೂವರು ಶಿಕ್ಷಕರಿಗೆ ಆ ಕರೆಗಳು ಸರದಿಯಂತೆ ಹೋಗಲಿ, ಸಂಜೆ ಐದರ ನಂತರ 'ನಾಳೆ ಬೆಳಿಗ್ಗೆ ಕರೆ ಮಾಡಿ' ಎಂಬ ಧ್ವನಿ ಕೇಳಲಿ. ಆಡಳಿತ ಮಂಡಳಿ ಇದನ್ನು ಬರುವ ವರ್ಷಕ್ಕೇ ಯೋಚಿಸಬೇಕೆಂದು ವಿನಂತಿ.

ಗೆಳತಿಯರೇ, ಗೆಳೆಯರೇ, ನಾಳೆ ನಮ್ಮಲ್ಲಿ ಹಲವರಿಗೆ ಮನೆಯಿಂದಲೇ ಮಾಡುವ ಕೆಲಸ ಸಿಗಬಹುದು. ಸಂಬಳ ಎಷ್ಟು ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಕರೆ ಯಾರ ನಂಬರಿನಿಂದ ಹೋಗುತ್ತದೆ?" ಉತ್ತರ 'ನಿಮ್ಮದೇ' ಎಂದಾದರೆ, ಸೇರುವ ಮೊದಲು ಎರಡು ಬಾರಿ ಯೋಚಿಸಿ.