ಅತ್ತೆ, ಆತೆ ಮತ್ತು ನಮ್ಮನೆ ಫ್ರೀಜರ್

ಮನಿಲಾಕ್ಕೆ ಬಂದ ಹೊಸತರಲ್ಲಿ ಒಂದು ದಿನ ಊರಿಗೆ ಫೋನ್ ಮಾಡಿ, “ಆತೆ ಬಾಳೆಹಣ್ಣಿನ ತಿಂಡಿ ಕೊಟ್ಟಿದ್ರು, ಎಷ್ಟು ಚೆನ್ನಾಗಿತ್ತು ಗೊತ್ತಾ” ಅಂದೆ. ಆ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ ನಮ್ಮತ್ತೆ, “ಅಲ್ಲ ಮಾರಾಯ್ತಿ, ಒಬ್ಬಳು ಅತ್ತೆ ಸಾಕಾಗ್ಲಿಲ್ವಾ ನಿಂಗೆ? ಅಲ್ಲಿ ಇನ್ನೊಬ್ಬಳನ್ನ ಮಾಡ್ಕೊಂಡ್ಯಾ?” ಅಂತ ಕೇಳಿದರು.

ಫಿಲಿಪೀನ್ಸ್‌ನಲ್ಲಿ ‘ಆತೆ’ ಅಂದರೆ ಅಕ್ಕ. ಒಡಹುಟ್ಟಿದವಳೇ ಆಗಬೇಕಂತಿಲ್ಲ, ವಯಸ್ಸಲ್ಲಿ ಸ್ವಲ್ಪ ದೊಡ್ಡವರಾದ ಯಾವ ಹೆಂಗಸೂ ಆತೆಯೇ. ಮಾತಿನ ಕೊನೆಗೆ ‘ಪೋ’ ಸೇರಿಸಿದರೆ ಮರ್ಯಾದೆ. ತಮಿಳಿನ ‘ಪೋ’ ಅಲ್ಲ, ನಮ್ಮ ‘ರೀ’ ಇದ್ದ ಹಾಗೆ. ನಮ್ಮ ಬೀದಿಯ ಆತೆ ನಾವಿರುವ ಕಟ್ಟಡದ ಕೆಳಗೇ ಒಂದು ಸಾರಿ-ಸಾರಿ ಅಂಗಡಿ ಇಟ್ಟಿದ್ದಾರೆ. ಹೆಸರು ಕೇಳಿ ಸೀರೆ ಅಂಗಡಿ ಅಂದ್ಕೋಬೇಡಿ. ಸಾರಿ-ಸಾರಿ ಅಂದರೆ ಬಗೆಬಗೆಯದು ಅಂತ. ಮನೆಯ ಮುಂಭಾಗದ ಕಿಟಕಿಗೆ ಕಬ್ಬಿಣದ ಜಾಲರಿ, ಜಾಲರಿಗೆ ತೋರಣದ ಹಾಗೆ ಶಾಂಪೂ, ಕಾಫಿಪುಡಿ, ಸೋಪುಪುಡಿಯ ಸ್ಯಾಷೆ ಮಾಲೆ.

ಅಲ್ಲಿ ಏನು ಬೇಕಾದರೂ ‘ತಿಂಗಿ’ ಲೆಕ್ಕದಲ್ಲಿ ಸಿಗುತ್ತದೆ. ತಿಂಗಿ ಅಂದರೆ ಬಿಡಿಬಿಡಿಯಾಗಿ. ಒಂದು ಮೊಟ್ಟೆ, ಎರಡೆಸಳು ಬೆಳ್ಳುಳ್ಳಿ, ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಗಂಟು ಹಾಕಿದ ನಾಲ್ಕು ಚಮಚ ಎಣ್ಣೆ. ನನಗೆ ಇದು ಮೊದಲು ತಮಾಷೆ ಅನಿಸುತ್ತಿತ್ತು. “ಲೀಟರ್ ಲೆಕ್ಕದಲ್ಲಿ ತಗೊಂಡ್ರೆ ಎಷ್ಟು ಉಳಿಯುತ್ತೆ, ಇವರಿಗೆ ಗೊತ್ತಾಗಲ್ವಾ” ಅಂತ ಗಂಡನ ಹತ್ತಿರ ಜಾಣತನ ತೋರಿಸಿದ್ದೂ ಉಂಟು. ತಿಂಗಳ ಮೊದಲ ದಿನ ಖಾತೆಗೆ ಸಂಬಳ ಬೀಳುವವರ ಜಾಣತನ ಅದು. ದಿನಗೂಲಿಯಲ್ಲಿ ಬದುಕುವವರಿಗೆ ಇವತ್ತು ಕೈಲಿರೋದು 20 ಪೆಸೋ ಆದರೆ ಲೀಟರ್ ಎಣ್ಣೆಯ ಉಳಿತಾಯ ಬರೀ ಕನಸು.

ಅದು ನನಗೆ ಅರ್ಥವಾದದ್ದು ಮಾರ್ಚ್‌ನಲ್ಲಿ. ಗಂಡನ ಕೆಲಸ ಕಾಂಟ್ರಾಕ್ಟ್ ಮೇಲಿನದು. ನವೀಕರಣದ ಕಾಗದ ಎಲ್ಲೋ ಸಿಕ್ಕಿಹಾಕಿಕೊಂಡಿತು. “ಮುಂದಿನ ವಾರ” ಅನ್ನುತ್ತಾ ಅನ್ನುತ್ತಾ ಒಂದು ತಿಂಗಳಾಯಿತು, ಎರಡಾಯಿತು. ಉಳಿತಾಯದ ದುಡ್ಡು ಬಾಡಿಗೆಗೆ, ಮಗನ ಶಾಲೆಗೆ ಹೋಯಿತು. ಊರಲ್ಲಿ ಯಾರಿಗೂ ಹೇಳಲಿಲ್ಲ. ‘ಫಾರಿನ್‌ನಲ್ಲಿದ್ದಾರೆ’ ಅನ್ನೋ ಮಾತಿಗೆ ಇರೋ ತೂಕ ನಿಮಗೂ ಗೊತ್ತಲ್ಲ, ಅದನ್ನು ಕೆಳಗಿಳಿಸೋಕೆ ಬಾಯಿ ಬರಲ್ಲ. ಏಪ್ರಿಲ್ ಕೊನೆಗೆ ನಾನೂ ಕತ್ತಲಾದ ಮೇಲೆ ಆತೆಯ ಜಾಲರಿ ಮುಂದೆ ನಿಂತು ನಾಲ್ಕು ಚಮಚ ಎಣ್ಣೆ ಕೇಳಿದೆ.

ಅವತ್ತೇ ಆತೆ ನನ್ನ ಹತ್ತಿರ ಇನ್ನೊಂದು ಕೇಳಿದರು. ದನಿ ತಗ್ಗಿಸಿ, “ಮಾಮ್, ನಿಮ್ಮಲ್ಲಿ ಫೈವ್-ಸಿಕ್ಸ್ ಸಿಗುತ್ತಾ ಪೋ?”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೈವ್-ಸಿಕ್ಸ್ ಅಂದರೆ 5 ಕೊಟ್ಟು 6 ವಾಪಸ್ ತಗೊಳ್ಳೋ ಕೈಸಾಲ. ಬೈಕಿನಲ್ಲಿ ಬೀದಿ ಬೀದಿ ಸುತ್ತಿ ದಿನವಹಿ ಕಂತು ವಸೂಲಿ ಮಾಡುತ್ತಾರೆ. ಈ ದಂಧೆಯಲ್ಲಿ ಭಾರತದಿಂದ ಬಂದವರೂ ಇರೋದರಿಂದ, ಭಾರತೀಯರನ್ನು ಕಂಡರೆ ಇಲ್ಲಿ ಅನೇಕರಿಗೆ ಮೊದಲು ನೆನಪಾಗೋದು ಸಾಲವೇ. ನಮ್ಮನ್ನೆಲ್ಲ ಒಟ್ಟಿಗೆ ‘ಬುಂಬೈ’ ಅಂತಾರೆ. ಬಾಂಬೆ ನೋಡದ ಉಡುಪಿ ಕಡೆಯವರೂ ಬುಂಬೈಗಳೇ.

ಆತೆ ಮಗನ ಕಾಲೇಜು ಫೀಸಿಗೆ ಅಂತ ಅದಾಗಲೇ 5,000 ಪೆಸೋ ತಗೊಂಡಿದ್ದರು. ದಿನಕ್ಕೆ 100ರಂತೆ 60 ದಿನ ಕಟ್ಟಬೇಕು. ನಾಲ್ಕು ದಿನದ ಕಂತು ತಪ್ಪಿತ್ತು. ಆ ಸಾಲಕ್ಕೆ ಕಟ್ಟೋಕೆ ಈ ಸಾಲ ಕೇಳುತ್ತಿದ್ದರು. ಕೈಯಲ್ಲಿ ಎಣ್ಣೆಯ ಕೊಳವೆ ಹಿಡಿದುಕೊಂಡು ನಾನು, ಎರಡು ತಿಂಗಳಲ್ಲಿ ಯಾರಿಗೂ ಹೇಳದ್ದನ್ನು, ಅರ್ಧ ಇಂಗ್ಲಿಷ್ ಅರ್ಧ ತಗಾಲೋಗ್‌ನಲ್ಲಿ ಅವರಿಗೆ ಹೇಳಿಬಿಟ್ಟೆ. ಆತೆ ನನ್ನ ಮುಖ ನೋಡಿದರು. ಆಮೇಲೆ ಎಷ್ಟು ಜೋರಾಗಿ ನಕ್ಕರು ಅಂದರೆ ಎದುರುಮನೆ ನಾಯಿ ಬೊಗಳಿತು. “ದುಡ್ಡಿಲ್ಲದ ಬುಂಬೈ!” ಅಂದರು. ನನಗೂ ನಗು ಬಂತು. ನಕ್ಕು ಮುಗಿದ ಮೇಲೆ ಅವರು ಕೇಳಿದ್ದು ಒಂದೇ: “ನಿಮ್ಮ ಫ್ರೀಜರ್ ಖಾಲಿ ಇದೆಯಾ?”

ಇತ್ತು. ಅಂಗಡಿಯ ಅವರ ಹಳೇ ಫ್ರಿಜ್ಜಿನಲ್ಲಿ ಮಂಜುಗಡ್ಡೆ ಸರಿಯಾಗಿ ಕಟ್ಟುತ್ತಿರಲಿಲ್ಲ. ಏಪ್ರಿಲ್, ಮೇ ಇಲ್ಲಿಯೂ ಸುಡುಬೇಸಿಗೆ, ಬೀದಿ ತುಂಬ ಮಕ್ಕಳು. ಹಾಗೆ ಶುರುವಾಯಿತು ನಮ್ಮ ಐಸ್ ಕ್ಯಾಂಡಿ.

ಶಾಲೆ ಗೇಟಿನ ಹತ್ತಿರ ಉದ್ದ ಕೊಳವೆಯಲ್ಲಿ ಬಣ್ಣದ ಐಸ್ ಮಾರುತ್ತಿದ್ದರಲ್ಲ, ನಾವು ‘ಪೆಪ್ಸಿ’ ಅಂತ ಕರೀತಿದ್ದದ್ದು? ಫಿಲಿಪೀನ್ಸ್‌ನ ಐಸ್ ಕ್ಯಾಂಡಿ ಅದರ ಅಕ್ಕ. ಬಣ್ಣದ ನೀರಿನ ಬದಲು ಹಾಲು, ಹಣ್ಣು, ಕೆಲವೊಮ್ಮೆ ಬೇಯಿಸಿದ ಹೆಸರುಕಾಳು ಕೂಡ. ಆತೆಯ ಅಳತೆ ಹೀಗಿದೆ. 1 ಲೀಟರ್ ನೀರಲ್ಲಿ 1 ಕಪ್ ಹಾಲಿನಪುಡಿ, ಮುಕ್ಕಾಲು ಕಪ್ ಸಕ್ಕರೆ ಕರಗಿಸಿ. 3 ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣೀರಲ್ಲಿ ಬೇರೆಯಾಗಿ ಕಲಸಿ ಅದಕ್ಕೆ ಸೇರಿಸಿ, ಸಣ್ಣ ಉರಿಯಲ್ಲಿ ಗಂಜಿಯ ತಿಳಿಯಷ್ಟು ಮಂದ ಆಗೋವರೆಗೆ ಕೈಯಾಡಿಸಿ. ಪೂರ್ತಿ ತಣ್ಣಗಾದ ಮೇಲೆ ಎರಡು ದೊಡ್ಡ ಮಾವಿನ ತಿರುಳು ಬೆರೆಸಿ, ಆಲಿಕೆಯಲ್ಲಿ ಕೊಳವೆಗೆ ತುಂಬಿ. ಬಾಯಿಯ ಹತ್ತಿರ ಎರಡು ಬೆರಳು ಜಾಗ ಬಿಟ್ಟು ಗಂಟು ಹಾಕಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಸುಮಾರು 20 ಆಗುತ್ತೆ.

ಕಾರ್ನ್‌ಫ್ಲೋರ್ ಬಿಡಬೇಡಿ. ನಾನು ಮೊದಲ ಸಲ ‘ಅದೆಲ್ಲ ಯಾಕೆ, ಶುದ್ಧ ಹಾಲು-ಹಣ್ಣು ಸಾಕು’ ಅಂತ ಬಿಟ್ಟು ಮಾಡಿದ್ದೆ, ಕಲ್ಲಾಯಿತು. ಪಕ್ಕದ ಮನೆ ಹುಡುಗ ಕಚ್ಚಲಾರದೆ ವಾಪಸ್ ತಂದು ಕೊಟ್ಟ. ಆ ಪಿಷ್ಟ ನೀರನ್ನು ಹಿಡಿದಿಟ್ಟುಕೊಂಡು ದೊಡ್ಡ ಮಂಜಿನ ಹರಳು ಕಟ್ಟದಂತೆ ನೋಡಿಕೊಳ್ಳುತ್ತೆ, ಹಾಗಾಗಿ ಮೆತ್ತಗೆ ಕಚ್ಚೋಕೆ ಬರುತ್ತೆ. ಇನ್ನೊಂದು, ಮಾವು ಅಂಗಡಿಯ ಎದುರಿನ ಸಾಲಿನದ್ದು ಬೇಡ. ಸಂಜೆ ಹೋದರೆ ಮೆತ್ತಗಾದ, ಒಂದು ಕಡೆ ಕಪ್ಪು ಚುಕ್ಕೆ ಬಿದ್ದ ಹಣ್ಣನ್ನು ಅರ್ಧಕ್ಕರ್ಧ ಬೆಲೆಗೆ ಕೊಡ್ತಾರೆ. ಚುಕ್ಕೆ ಕೆತ್ತಿ ತೆಗೆದರೆ ಒಳಗೆ ಜೇನು.

ಕೊಳವೆಗಳನ್ನು ತರೋಕೆ ದಿವಿಸೋರಿಯಾಕ್ಕೆ ಹೋದೆವು. ಅದು ಮನಿಲಾದ ಸಗಟು ಪೇಟೆ, ನಮ್ಮ ಚಿಕ್ಕಪೇಟೆಗೆ ಸಮುದ್ರದ ಸೆಖೆ ಸೇರಿಸಿದ ಹಾಗೆ. ಒಂದು ಐಸ್ ಕ್ಯಾಂಡಿಗೆ ಹೆಚ್ಚುಕಮ್ಮಿ 6 ಪೆಸೋ ಖರ್ಚು ಬಿತ್ತು, ಆತೆ 10ಕ್ಕೆ ಮಾರಿದರು. ದಿನಕ್ಕೆ 40 ಹೋದರೆ 160 ಉಳಿಯಿತು. 100 ಸಾಲದ ಕಂತಿಗೆ, ಮಿಕ್ಕಿದ್ದು 60. ನನ್ನ ವೀಸಾದಲ್ಲಿ ನಾನು ಇಲ್ಲಿ ವ್ಯಾಪಾರ ಮಾಡುವಂತಿಲ್ಲ, ಹಾಗಾಗಿ ವ್ಯಾಪಾರ ಪೂರ್ತಿ ಅವರದ್ದೇ. ಅವರು ನಮ್ಮ ಬಾಗಿಲಿಗೆ ಒಂದು ಚೀಲ ನೇತುಹಾಕಿ ಹೋಗುತ್ತಿದ್ದರು. ಒಂದು ದಿನ ಕಂಗ್‌ಕೋಂಗ್ ಸೊಪ್ಪು, ಒಂದು ದಿನ ನಾಲ್ಕು ಮೊಟ್ಟೆ, ಒಂದು ದಿನ ಸಾಬಾ ಬಾಳೆ. ಅದೇ ತಿಂಗಿ, ಆದರೆ ಈಗ ನಾವು ಜಾಲರಿಯ ಒಳಗಡೆ ಇದ್ದೆವು. ದೊಡ್ಡದಾಗಿ ಕೊಂಡು ಬಿಡಿಯಾಗಿ ಮಾರುವ ಕಡೆ.

ಇಲ್ಲೊಂದು ಲೆಕ್ಕ ಹೇಳಿಬಿಡ್ತೀನಿ, ಫೋನಲ್ಲೇ ಸಾಲ ತಗೊಳ್ಳೋ ನಮ್ಮ ತಲೆಮಾರಿಗೆ ಬೇಕಾದದ್ದು. 5,000ಕ್ಕೆ 1,000 ಬಡ್ಡಿ ಅಂದರೆ 20 ಪರ್ಸೆಂಟ್ ಅನಿಸುತ್ತೆ. ಆದರೆ ಮೊದಲ ದಿನದಿಂದಲೇ ಅಸಲು ವಾಪಸ್ ಹೋಗುತ್ತಾ ಇರುತ್ತಲ್ಲ? ಎರಡು ತಿಂಗಳಲ್ಲಿ ಸರಾಸರಿ ನಿಮ್ಮ ಕೈಲಿ ಇದ್ದದ್ದು ಸುಮಾರು ಅರ್ಧ ಮಾತ್ರ. ಅಂದರೆ ನಿಜವಾದ ಬಡ್ಡಿ ಹತ್ತಿರ ಹತ್ತಿರ ದುಪ್ಪಟ್ಟು, ಅದೂ ಎರಡೇ ತಿಂಗಳಿಗೆ. ಯಾರಾದರೂ ‘ಫ್ಲಾಟ್ ರೇಟ್’ ಅಂತ ಹೇಳಿದರೆ ಸಹಿ ಹಾಕೋ ಮುಂಚೆ ಈ ಐಸ್ ಕ್ಯಾಂಡಿ ನೆನಪಿಸಿಕೊಳ್ಳಿ. ಆತೆಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಸಿಟ್ಟಾಗಲಿಲ್ಲ. “ಗೊತ್ತು. ಆದರೆ ಬ್ಯಾಂಕ್ ನಮ್ಮ ಬೀದಿಗೆ ಬರಲ್ಲ, ಬೈಕ್ ಬರುತ್ತೆ” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೇ ತಿಂಗಳಲ್ಲಿ ವಿಡಿಯೊ ಕಾಲ್ ಮಾಡಿದಾಗ ಹಿಂದುಗಡೆ ಸಿಂಕಿನ ಮೇಲೆ ನೇತಾಡುತ್ತಿದ್ದ ಕೊಳವೆಗಳನ್ನು ಅತ್ತೆ ನೋಡಿಬಿಟ್ಟರು. “ಅದೆಂತದು?” ಸುಳ್ಳು ಹುಡುಕೋಕೆ ಹೋದೆ, ಸಿಗಲಿಲ್ಲ. ಎಲ್ಲ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅತ್ತೆ ಸ್ವಲ್ಪ ಹೊತ್ತು ಬಿಟ್ಟು, “ಹಂಚಿನ ಕಾರ್ಖಾನೆಯಲ್ಲಿ ನಿನ್ನ ಮಾವನಿಗೆ ಕೆಲಸ ನಿಂತಾಗ ನಾನು ಹಲಸಿನ ಹಪ್ಪಳ ಮಾಡಿ ಮಾರಿದ್ದೆ. ನಿನ್ನ ಗಂಡನಿಗೆ ಗೊತ್ತಿಲ್ಲ. ರಾತ್ರಿ ಅವನು ಮಲಗಿದ ಮೇಲೆ ಲಟ್ಟಿಸ್ತಿದ್ದೆ” ಅಂದರು. ಮದುವೆಯಾಗಿ ಒಂಬತ್ತು ವರ್ಷ, ಈ ಮಾತು ನಾನು ಕೇಳಿದ್ದು ಅವತ್ತೇ ಮೊದಲು.

ಜೂನ್‌ನಲ್ಲಿ ಮಳೆ ಹಿಡಿಯಿತು, ಐಸ್ ಕ್ಯಾಂಡಿ ಯಾರಿಗೂ ಬೇಡವಾಯಿತು. ಅಷ್ಟರಲ್ಲಿ ಗಂಡನ ಕಾಗದ ಬಂತು, ಆತೆಯ ಕಂತುಗಳಲ್ಲಿ ಹದಿಮೂರು ಬಾಕಿ ಇದ್ದವು. ಅದಕ್ಕೆ ಪೊಲ್ವೊರೋನ್ ಮಾಡಿದೆವು. ಓವನ್ ಬೇಡ. 2 ಕಪ್ ಮೈದಾವನ್ನು ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ಘಮ ಬಂದು ತೆಳು ಕಂದು ಆಗೋವರೆಗೆ ಹುರಿಯಿರಿ. ನಡುವೆ ಫೋನ್ ನೋಡಿದರೆ ಸೀದುಹೋಗುತ್ತೆ, ಅನುಭವದ ಮಾತು. ಕೆಳಗಿಳಿಸಿ, 1 ಕಪ್ ಹಾಲಿನಪುಡಿ, ಮುಕ್ಕಾಲು ಕಪ್ ಪುಡಿಸಕ್ಕರೆ, ಕರಗಿಸಿದ ಬೆಣ್ಣೆ 150 ಗ್ರಾಂನಷ್ಟು ಸೇರಿಸಿ. ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು. ಇಲ್ಲಿಯವರು ‘ಪಿನಿಪಿಗ್’ ಅನ್ನೋ ಎಳೆ ಭತ್ತದ ಅವಲಕ್ಕಿ ಹುರಿದು ಹಾಕುತ್ತಾರೆ. ನೀವು ತೆಳು ಅವಲಕ್ಕಿ ಹುರಿದು ಹಾಕಿ, ಬೆಣ್ಣೆಗೆ ಬದಲು ತುಪ್ಪವೂ ಆದೀತು. ಒತ್ತೋಕೆ ಅಚ್ಚು ಇಲ್ಲದಿದ್ದರೆ ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಕಪ್ ತೊಳೆದಿಟ್ಟುಕೊಂಡರೆ ಸಾಕು. ಬಾಯಿ ತುಂಬ ಪೊಲ್ವೊರೋನ್ ಇಟ್ಟುಕೊಂಡು ಸಿಳ್ಳೆ ಹೊಡೆಯೋದು ಇಲ್ಲಿಯ ಮಕ್ಕಳ ಆಟ. ಆಡಿ ನೋಡಿ, ಆದರೆ ಬಿಳಿ ಅಂಗಿ ಬೇಡ.

ಮಳೆಗಾಲದ ಇನ್ನೊಂದು ತಿಂಡಿ ಗಿನತಾಂಗ್ ಮುಂಗೋ. ಹುರಿದ ಹೆಸರುಕಾಳು, ಅಂಟಕ್ಕಿ, ತೆಂಗಿನಹಾಲು, ಸಕ್ಕರೆ. ಇದರ ರೆಸಿಪಿ ನಿಮಗೆ ಬೇಕಾಗಿಲ್ಲ, ನಿಮ್ಮಜ್ಜಿಯ ಹೆಸರುಬೇಳೆ ಪಾಯಸದ ಹತ್ತಿರದ ಸಂಬಂಧಿ ಅದು.

ಸೆಪ್ಟೆಂಬರ್ ಬಂದರೆ ಇಲ್ಲಿ ಕ್ರಿಸ್‌ಮಸ್. ತಮಾಷೆ ಅಲ್ಲ. ಹೆಸರಿನ ಕೊನೆಗೆ ‘ಬರ್’ ಇರೋ ನಾಲ್ಕೂ ತಿಂಗಳು ಹಬ್ಬವೇ, ಮಾಲ್‌ಗಳಲ್ಲಿ 1ನೇ ತಾರೀಕಿಂದಲೇ ಹೊಸೆ ಮಾರಿ ಚಾನ್ ಹಾಡುಗಳು. ಡಿಸೆಂಬರ್ 24ರೊಳಗೆ ನೌಕರರಿಗೆ 13ನೇ ತಿಂಗಳ ಸಂಬಳ ಕೊಡಬೇಕು ಅಂತ 1975ರಿಂದ ಕಾನೂನೇ ಇದೆ. ನಮಗೆ ಆ ಯೋಗ ಇಲ್ಲ, ಬಿಡಿ. ಮನೆ ಮನೆಗೂ ನಕ್ಷತ್ರದ ‘ಪಾರೋಲ್’ ತೂಗುತ್ತೆ. ಅಂಗಡಿಯದ್ದು ದುಬಾರಿ. ಆತೆ 40 ಸೆಂಟಿಮೀಟರ್‌ನ ಹತ್ತು ಬಿದಿರುಕಡ್ಡಿ ತಂದರು. ಐದೈದು ಕಡ್ಡಿ ಅಡ್ಡಡ್ಡ ಕಟ್ಟಿ ಎರಡು ನಕ್ಷತ್ರ ಮಾಡಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ದಾರದಿಂದ ಬಿಗಿದು, ನಡುವೆ ಕಡ್ಡಿಗಳು ಹಾಯುವ ಐದು ಕಡೆ 8 ಸೆಂಟಿಮೀಟರ್‌ನ ತುಂಡುಗಳನ್ನು ಸಿಕ್ಕಿಸಿದರು. ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಗಾಳಿಪಟದ ಕಾಗದ ಅಂಟಿಸಿ ಕೆಳಗಿನ ಎರಡು ತುದಿಗೆ ಕತ್ತರಿಸಿದ ಕಾಗದದ ಬಾಲ ಬಿಟ್ಟರೆ ಆಯಿತು. ಒಳಗೆ ಸಣ್ಣ ಎಲ್‌ಇಡಿ, ಮೇಣದ ಬತ್ತಿ ಖಂಡಿತ ಬೇಡ.

ಅಂಟಿಸುತ್ತಾ ಕೂತಾಗ ನಮ್ಮ ಕಡೆ ದೀಪಾವಳಿಗೆ ಮಾಡೋ ಗೂಡುದೀಪದ ಫೋಟೊ ತೋರಿಸಿದೆ. ಆತೆ ಕನ್ನಡಕ ಏರಿಸಿ ನೋಡಿ, “ಇದೂ ಕಲಿಸು” ಅಂದರು. ‘ಪೋ’ ಇಲ್ಲ, ‘ಮಾಮ್’ ಇಲ್ಲ. ಅದು ಯಾವಾಗ ಬಿಟ್ಟುಹೋಯಿತೋ ನಾನು ಗಮನಿಸಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಕಾಲ್ ಬಂತು. ಮಗ ಎತ್ತಿ ಪಾರೋಲ್ ತೋರಿಸಿದ, ಆತೆಯನ್ನೂ ತೋರಿಸಿದ. ಅತ್ತೆ ಸೆರಗು ಸರಿಮಾಡಿಕೊಂಡರು.

“ಫೋನು ಆ ಅತ್ತೆಗೆ ಕೊಡು ಮಾರಾಯ. ಅವರಿಗೆ ಹಪ್ಪಳ ಒತ್ತೋಕೆ ಬರ್ತದಾ ಕೇಳ್ಬೇಕು.”