ದರಕ್ಕೂ ಮೊದಲು ಮೂರು ಪ್ರಶ್ನೆ
ಕಳೆದ ರಜೆಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ಗೆ ಹೋಗಿದ್ದೆವು. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ್. ಎಲಿಫೆಂಟ್ ಬೀಚ್‌ನಲ್ಲಿ ಸ್ನಾರ್ಕೆಲಿಂಗ್‌ಗೆ ಅಬ್ಬಾ ಎಲ್ಲರಿಗಿಂತ ಕಡಿಮೆ ದರ ಹೇಳಿದವರನ್ನೇ ಆರಿಸಿದರು. 12 ಜನಕ್ಕೆ ಒಬ್ಬನೇ ಗೈಡ್. ತಮ್ಮನ ಲೈಫ್ ಜಾಕೆಟ್ಟಿನ ಬಕಲ್ ಮುರಿದಿತ್ತು. ಹೆದರಿದ ಅವನು ಹವಳದ ಮೇಲೆಯೇ ನಿಂತ. ಕಾಲು ಕೊಯ್ದಿತು, ಹವಳವೂ ಮುರಿಯಿತು. ಹವಳ ಬರೀ ಕಲ್ಲಲ್ಲ, ಜೀವಿ; ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಮರುದಿನ ಕಾಂಡ್ಲಾ ಕಾಡಿನ ನಡುವೆ ಕಯಾಕಿಂಗ್. ಈ ಸಲ ಅಮ್ಮಿ ಮೊದಲೇ ಕೇಳಿದರು: ಒಬ್ಬ ಗೈಡ್‌ಗೆ ಎಷ್ಟು ಜನ? ಜಾಕೆಟ್ ತೋರಿಸುತ್ತೀರಾ? ಉಬ್ಬರ ಇಳಿತ ನೋಡಿ ಹೊರಡುತ್ತೀರಾ? ಹಣ ಹೆಚ್ಚಾಯಿತು, ಭಯ ಇರಲಿಲ್ಲ.

ಕಾಮರ್ಸ್ ಓದುವ ನಾವು ಕಡಿಮೆ ಬೆಲೆಯನ್ನೇ ಲಾಭವೆಂದು ಬರೆದುಕೊಳ್ಳಬಾರದು. ನೇತ್ರಾಣಿಗೆ ಹೊರಡುವ ಗೆಳೆಯರೇ, ಈ ಪ್ರಶ್ನೆಗಳನ್ನು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ದಡದಲ್ಲೇ ಕುಳಿತು ಸಮುದ್ರ ನೋಡಿ.