ಎದುರಿನವನ ಕಣ್ಣೂ ಲೆಕ್ಕಕ್ಕೆ ಬರಲಿ

ಹಬ್ಬಕ್ಕೆ ಊರಿಗೆ ಹೊರಡುವ ಕಾಲ ಬಂತು. ನಮ್ಮಲ್ಲಿ ಕೆಲವರು ನಾಲ್ಕು ಜನ ಸೇರಿ ಯಾರದೋ ಹಳೇ ಕಾರಿನಲ್ಲಿ ಗೋವಾ ಹೆದ್ದಾರಿ ಹಿಡಿದು ಉಡುಪಿ, ಮಂಗಳೂರಿಗೆ ರಾತ್ರಿಯೇ ಹೊರಡುವವರು. ಹೆಡ್‌ಲೈಟು ಮಂಕಾಗಿದೆ ಅಂತ ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ನಿಂತರೆ ಅಂಗಡಿಯವ “ಎಲ್‌ಇಡಿ ಹಾಕ್ಕೊಳ್ಳಿ, ಹಗಲಿನ ಹಾಗಿರುತ್ತೆ” ಅಂತಾನೆ. ನನ್ನ ಮಾತು ಇಷ್ಟೇ: ಹಾಕ್ಕೋಬೇಡಿ.

ಕಾರಣ ಇದೆ. ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಇರೋದು ಎಚ್-4 ಬಲ್ಬು. ಅದರೊಳಗೆ ಎರಡು ತಂತಿ ಸುರುಳಿ: ದೂರದ ಬೆಳಕಿಗೆ 60 ವ್ಯಾಟ್, ಡಿಪ್ಪರಿಗೆ 55. ಡಿಪ್ಪರಿನ ಸುರುಳಿಯ ಕೆಳಗೆ ಬಟ್ಟಲಿನಂಥ ಪುಟ್ಟ ಲೋಹದ ತುಂಡೊಂದಿದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದಂತೆ ಅದು ತಡೆಯುತ್ತದೆ; ಬಿದ್ದರೆ ಆ ಬೆಳಕು ಮೇಲಕ್ಕೆ ಚಿಮ್ಮಿ ಎದುರು ಬರುವವನ ಕಣ್ಣಿಗೆ ಹೊಡೆಯುತ್ತದೆ. ಆ ಸುರುಳಿ ಇರುವ ಜಾಗಕ್ಕೆ ಲೆಕ್ಕ ಹಾಕಿಯೇ ರಿಫ್ಲೆಕ್ಟರನ್ನು ಬಾಗಿಸಿರುತ್ತಾರೆ. ಅಲ್ಲಿಗೆ ಚಪ್ಪಟೆ ಪಟ್ಟಿಯ ಮೇಲೆ ಎಲ್‌ಇಡಿ ಅಂಟಿಸಿದ ಬಲ್ಬನ್ನು ತುರುಕಿದರೆ ಲೆಕ್ಕ ತಪ್ಪಿ ಬೆಳಕು ಎಲ್ಲೆಲ್ಲೋ ಚೆಲ್ಲುತ್ತದೆ. (ಕಂಪನಿಯಿಂದಲೇ ಎಲ್‌ಇಡಿ ದೀಪ ಇಟ್ಟುಕೊಂಡು ಬರುವ ಕಾರಿನ ಮಾತು ಬೇರೆ, ಅಲ್ಲಿ ಇಡೀ ದೀಪವನ್ನೇ ಅದಕ್ಕಾಗಿ ಮಾಡಿರುತ್ತಾರೆ.)

“ನನಗೆ ಕಾಣಿಸಿದರೆ ಸಾಕು” ಅನ್ನುವ ಶೂರರೂ ಇದ್ದಾರೆ. ಅಲ್ಲಾ ಸ್ವಾಮಿ, ಡಿವೈಡರ್ ಇಲ್ಲದ ಕಡೆ ಎದುರು ಬರುವ ಲಾರಿಯವನಿಗೆ ಎರಡು ಕ್ಷಣ ಕಣ್ಣು ಕತ್ತಲೆ ಬಂದರೆ ಆ ಲಾರಿ ಬರೋದು ಯಾರ ಮೇಲೆ? ನಿಮ್ಮಿಬ್ಬರ ನಡುವೆ ರಸ್ತೆಯಂಚಿನಲ್ಲಿ ನಡೆದು ಹೋಗುತ್ತಿರುವ ಮುದುಕಿಗಂತೂ ದೀಪವೂ ಇಲ್ಲ, ಹಾರನ್ನೂ ಇಲ್ಲ.

100/90 ವ್ಯಾಟಿನ ಬಲ್ಬೂ ಸಿಗುತ್ತದೆ. 12 ವೋಲ್ಟಿನಲ್ಲಿ 60 ವ್ಯಾಟಿಗೆ 5 ಆಂಪಿಯರ್ ಆದರೆ 100ಕ್ಕೆ 8ಕ್ಕೂ ಹೆಚ್ಚು. ಅದೇ ತೆಳು ವೈರಿನಲ್ಲಿ ಬಿಸಿ ಸುಮಾರು ಎರಡೂಮುಕ್ಕಾಲು ಪಟ್ಟು! ಪ್ಲಾಸ್ಟಿಕ್ ಹೋಲ್ಡರು ಕರಗಿದರೆ ಅದೃಷ್ಟವನ್ನು ಬೈಯಬೇಡಿ. ಇನ್ನು ನೀಲಿ ಲೇಪನದ್ದು ಬರೀ ಷೋಕಿ. ಆ ಲೇಪನ ಒಂದಿಷ್ಟು ಬೆಳಕನ್ನು ತಾನೇ ನುಂಗುತ್ತದೆ.

ಹಾಗಾದರೆ ಏನು ಕೊಳ್ಳೋದು? ಹಳೇ ಬಲ್ಬಿನ ಬುಡದಲ್ಲಿ ಏನು ಬರೆದಿದೆಯೋ ಅದೇ. ಎಚ್-7 ಇದ್ದರೆ ಎಚ್-7, ಎಚ್-4 ಇದ್ದರೆ 60/55. ಆದರೆ ದುಡ್ಡು ಬಿಚ್ಚುವ ಮುಂಚೆ ದೀಪದ ಮುಂದಿನ ಪ್ಲಾಸ್ಟಿಕ್ಕನ್ನು ನೋಡಿ. ಅದು ಹಳದಿಗಟ್ಟಿದ್ದರೆ ಯಾವ ಬಲ್ಬು ಹಾಕಿದರೂ ಅಷ್ಟೇ, ಮೊದಲು ಅದನ್ನು ಪಾಲಿಶ್ ಮಾಡಿಸಿ. ಬಲ್ಬಿಗೆ ತಲುಪುವ ವೋಲ್ಟೇಜನ್ನೂ ಮೆಕ್ಯಾನಿಕ್ ಹತ್ತಿರ ಅಳೆಸಿ, ತುಕ್ಕು ಹಿಡಿದ ಅರ್ಥಿಂಗ್ ವೈರು ಸಾಕು ಬೆಳಕು ಕೆಡಿಸೋಕೆ. ಎರಡೂ ಬಲ್ಬನ್ನು ಒಟ್ಟಿಗೇ ಬದಲಾಯಿಸಿ. ಗಾಜನ್ನು ಮಾತ್ರ ಬೆರಳಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಆಮೇಲೆ, ಹೊರಡುವ ದಿನ ನಾಲ್ಕೂ ಜನ ಸಾಮಾನು ಸಮೇತ ಕೂತು, ಕಾರನ್ನು ಒಂದು ಗೋಡೆಯೆದುರು ನಿಲ್ಲಿಸಿ ಡಿಪ್ಪರ್ ಹಾಕಿ ನೋಡಿ. ಡಿಕ್ಕಿ ಭಾರಕ್ಕೆ ಹಿಂದೆ ಕುಸಿದರೆ ಸರಿಯಾದ ಬಲ್ಬೂ ಮೇಲೆ ನೋಡುತ್ತದೆ. ಆಗ ತಿರುಗಿಸಬೇಕಾದದ್ದು ದೀಪದ ಹಿಂದಿನ ಸ್ಕ್ರೂ.